ಎಡಗೈಯ ಹಿಡಿತ

ಮೂರು ವರ್ಷದ ಹಿಂದಿನ ಮಾಗಿ, ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಮನೆಯಲ್ಲಿದ್ದವರು ನಾನು ಮತ್ತು ನನ್ನ ಯಜಮಾನರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಡ್ಯೂಟಿ ಬಿಟ್ಟುಕೊಡುವಾಗ ಹೀಗೆಯೇ ಬರೆಯುತ್ತಿದ್ದೆ: ಯಾವ ಹೊತ್ತು, ಯಾರಿದ್ದರು, ಏನಾಯಿತು. ಏಕಾಯಿತು ಎಂದು ಬರೆಯುವುದು ನಮ್ಮ ಕೆಲಸವಾಗಿರಲಿಲ್ಲ. ಇಲ್ಲಿಯೂ ಅದನ್ನು ನಾನು ಬರೆಯಲಾರೆ.

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಾವು ಕೊರಳಲ್ಲಿ ಲಿಂಗ ಧರಿಸುವ ಮನೆತನದವರು. ದಿನವೂ ಸ್ನಾನ ಮಾಡಿ, ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ನನಗೆ ಕಾಫಿ. ಎಂದೂ ತಪ್ಪಿಸಿದವಳಲ್ಲ. ಆದರೆ ವಾರ್ಡಿನಲ್ಲಿ ಹಾಸಿಗೆಯ ಮೂಲೆ ಮಡಚಿದ ಹಾಗೆ ಅದೂ ಒಂದು ಕೆಲಸವಾಗಿತ್ತು. ಅಂಗೈಯಲ್ಲಿ ಯಾರೋ ಇದ್ದಾರೆ ಎಂದು ಅನ್ನಿಸಿರಲಿಲ್ಲ. ಯಜಮಾನರಿಗೆ ಲಕ್ವ ಹೊಡೆದಾಗ ನೋಡಲು ಬಂದವರೆಲ್ಲ, "ದೇವ್ರಿದಾನೆ ಬಿಡಿ ಸಿಸ್ಟರಮ್ಮ" ಅಂದರು. ಇರಲಿ, ಆದರೆ ಇವರನ್ನು ಮಗ್ಗುಲು ಹೊರಳಿಸುವವಳು ನಾನು ತಾನೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವರು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳು ಕಣದಲ್ಲಿ ಸೇರುವ ಮಸ್ಟರ್, ಹಾಜರಿ ಕೂಗುವುದು, ಕೆಲಸ ಹಂಚುವುದು ಎಲ್ಲ ಅವರದೇ. ನಿವೃತ್ತಿಯಾದ ಮೇಲೆ ಅದೇ ಎಸ್ಟೇಟಿನ ಬೇಲಿಯ ಪಕ್ಕದಲ್ಲಿ ಸಣ್ಣ ಮನೆ ಮಾಡಿಕೊಂಡೆವು. ಲಕ್ವ ಹೊಡೆದದ್ದು ಆ ಮೇಲೆ. ಬಲಗಾಲು ಎಳೆಯತೊಡಗಿತು, ಬಲಗೈ ಜೋತುಬಿತ್ತು, ನೆನಪು ಹಿಂದುಮುಂದಾಯಿತು. ಬೆಳಗಾದರೆ ಮಸ್ಟರ್‌ಗೆ ಹೊತ್ತಾಯಿತೆಂದು ಹೊರಟುಬಿಡುವರು. ನಾನು ಅವರ ಬಲ ಮಣಿಕಟ್ಟನ್ನು ನನ್ನ ಎಡಗೈಯಲ್ಲಿ ಹಿಡಿದು ಅಂಗಳದಲ್ಲಿ ಒಂದೆರಡು ಸುತ್ತು ನಡೆಸಿ, "ಮಸ್ಟರ್ ಮುಗೀತು ರೀ" ಎಂದು ಒಳಗೆ ಕರೆತರುತ್ತಿದ್ದೆ. ಅವರ ನಾಡಿ ನೋಡುವುದೂ ಎಡಗೈಯಿಂದಲೇ. ಬಲಗೈ ಬರೆಯಲು ಬೇಕಲ್ಲ.

ಅಂದು ಕಾಡಾನೆ ಬಂದರೆ ಊರವರನ್ನು ಎಚ್ಚರಿಸುವ ಮೊಬೈಲಿನ ಆನೆ ಗ್ರೂಪಿಗೆ ಸುದ್ದಿ ಬಂದಿತ್ತು. ನಮ್ಮ ಮನೆಯ ಹಿಂದಿನ ರೊಬಸ್ಟಾ ಕಾಫಿ ತೋಟದಲ್ಲೇ ಗುಂಪು ನಿಂತಿದೆ, ಮರಿಯೂ ಇದೆ, ಯಾರೂ ಹೊರಗೆ ಬರಬೇಡಿ. ಎಸ್ಟೇಟಿನಲ್ಲಿ ಮಸ್ಟರನ್ನೇ ನಿಲ್ಲಿಸಿದ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿ ಕಾಣುತ್ತಿರಲಿಲ್ಲ. ಎರಡೂ ಬಾಗಿಲಿಗೆ ಚಿಲಕ ಹಾಕಿದೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ನಾನು ಪೂಜೆಗೆ ಕೂತೆ.

ವಿಭೂತಿ ಹಚ್ಚಿ ಪತ್ರೆ ಏರಿಸುವಾಗ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯಿತು. ತಿರುಗಿ ನೋಡಿದರೆ ಹಿತ್ತಿಲ ಬಾಗಿಲು ತೆರೆದಿತ್ತು. ಮಂಜು ಅಡುಗೆಮನೆಯ ಒಳಗೇ ಬರುತ್ತಿತ್ತು. ಕುರ್ಚಿ ಖಾಲಿ. ತೋಟದ ಕಡೆಯಿಂದ ಕೊಂಬೆ ಮುರಿದ ಸದ್ದು ಕೇಳಿಸಿತು.

ಏಳಲು ಹೋದೆ. ಲಿಂಗವನ್ನು ಕರಡಿಗೆಗೆ ಇಳಿಸಬೇಕು, ಎಡಗೈ ತಿರುಗಲೊಲ್ಲದು. ಬೆರಳುಗಳು ತಾವಾಗಿಯೇ ಲಿಂಗದ ಮೇಲೆ ಮಡಚಿಕೊಂಡವು. ಹಾಗೆಯೇ ಹಿಡಿದುಕೊಂಡು ಏಳೋಣವೆಂದರೆ ಕೈ ಬಂಡೆಗೆ ಕಟ್ಟಿದಂತೆ ಅಲ್ಲೇ ನಿಂತಿತು. ನನಗೂ ಲಕ್ವ ಹೊಡೆಯಿತು ಎಂದೇ ಮೊದಲು ತಿಳಿದೆ. ನಾಲಿಗೆ ಹೊರಳಿಸಿ ನೋಡಿದೆ, ನನ್ನ ಹೆಸರು ಹೇಳಿಕೊಂಡೆ, ಎಲ್ಲ ಸರಿಯಾಗಿತ್ತು. ಕೈ ಸೋತಿರಲಿಲ್ಲ. ಅದನ್ನು ಬೇರೆ ಯಾರೋ ಉಪಯೋಗಿಸುತ್ತಿದ್ದರು.

ಕೂಗೋಣವೆಂದರೆ ಮರಿ ಜೊತೆಗಿರುವ ಆನೆಗಳು ಬೆದರುವ ಭಯ. ಬಲಗೈಯಿಂದ ಎಡಗೈಯ ಬೆರಳು ಬಿಡಿಸಲು ಹೋದಾಗ ಮುಷ್ಟಿಯ ಒಳಗೆ ನಾಡಿ ಬಡಿಯುವುದು ಗೊತ್ತಾಯಿತು. ನನ್ನದಲ್ಲ. ನನ್ನದು ಹೆದರಿ ಓಡುತ್ತಿತ್ತು. ಇದು ನಿಧಾನದ ನಾಡಿ, ನಡುನಡುವೆ ಒಂದು ಬಡಿತ ತಪ್ಪುವ ನಾಡಿ. ದಿನವೂ ನಾನು ಹಿಡಿದು ನೋಡುವ ನಾಡಿ ನನಗೆ ತಿಳಿಯದೇ?

ಆಗ ಕೈ ಜಗ್ಗತೊಡಗಿತು. ಒಂದು ಜಗ್ಗು, ಸ್ವಲ್ಪ ತಡೆದು ಒಂದು ಎಳೆತ. ಕಾಲೆಳೆದು ನಡೆಯುವವರನ್ನು ನಡೆಸುವಾಗ ಹೀಗೆಯೇ ಆಗುತ್ತದೆ. ನಾನು ಅಲ್ಲಾಡದೆ ಕೂತಿದ್ದೆ. ಇದ್ದಕ್ಕಿದ್ದಂತೆ ಜಗ್ಗುವುದು ನಿಂತಿತು. ಹಿಡಿತ ಬಿಗಿಯಾಯಿತು, ಎಲುಬು ನೋಯುವಷ್ಟು. ಹೊರಗೆ ಭಾರವಾದದ್ದೇನೋ ಗಿಡಗಳನ್ನು ಸವರಿಕೊಂಡು ಹೋಗುವ ಸದ್ದು, ಒಂದಾದ ಮೇಲೆ ಒಂದು. ಬಹಳ ಹೊತ್ತಾದ ಮೇಲೆ ಮತ್ತೆ ಮೆಲ್ಲಗೆ ಒಂದು ಜಗ್ಗು, ಒಂದು ಎಳೆತ. ಆಮೇಲೆ ಬೆರಳುಗಳು ಬಿಚ್ಚಿಕೊಂಡವು. ಲಿಂಗ ಅಂಗೈಯಲ್ಲಿ ಎಂದಿನ ತೂಕದಲ್ಲಿ ಕೂತಿತ್ತು.

ಹಿತ್ತಿಲ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಪಾದವೆಲ್ಲ ಕೆಸರು.

"ಎಂಥ ಮಾರಾಯ್ತಿ, ಅಷ್ಟು ಬಿಗಿ ಹಿಡಿಯೋದಾ? ಮಸ್ಟರ್‌ಗೂ ಬಿಡ್ಲಿಲ್ಲ, ಮಾತಾಡ್ಲಿಕ್ಕೂ ಬಿಡ್ಲಿಲ್ಲ."

"ಯಾರ್ರೀ ಹಿಡಿದಿದ್ದು?"

"ನೀನೇ. ಅಲ್ಲಿಂದ ಎಳ್ಕೊಂಡು ಬಂದು, ಈಗ ಏನೂ ಗೊತ್ತಿಲ್ದವಳ ಹಾಗೆ ಪೂಜೆಗೆ ಕೂತಿದ್ದೀಯ."

ನೆನಪು ಕೆಟ್ಟವರ ಮಾತು ಎಂದು ತಳ್ಳಿಹಾಕಬಹುದಿತ್ತು. ಮಂಜು ಹರಿದು, ಆನೆಗಳು ಹಳ್ಳ ದಾಟಿದವೆಂದು ಗೊತ್ತಾದ ಮೇಲೆ ಎಸ್ಟೇಟಿನ ಮಂಜಯ್ಯ ಮೇಸ್ತ್ರಿ ಬಂದ. ವಿಷಯ ಕೇಳಿ ಮೊದಲು ನಕ್ಕ. "ನಮ್ ರೈಟರ್ರು ಬಿಡ್ತಾರಾ? ಆನೆ ಸಾಲಾಗಿ ನಿಂತಿದ್ರೆ ಅದಕ್ಕೂ ಹಾಜರಿ ಕೂಗ್ತಿದ್ರು." ಹಿತ್ತಿಲ ದಾರಿಯಲ್ಲಿ ನಮ್ಮಿಬ್ಬರಿಗೂ ಅವರ ಹೆಜ್ಜೆ ಸಿಕ್ಕಿತು, ಬಲಗಾಲು ಎಳೆದ ಗೆರೆಯ ಸಮೇತ. ತೋಟದ ತಿರುವಿನಲ್ಲಿ ಆ ಹೆಜ್ಜೆ ನಿಂತಿತ್ತು. ಮುಂದೆಯೇ ಆನೆಗಳು ದಾರಿಗೆ ಅಡ್ಡಲಾಗಿ ಹಾದು ಹೋಗಿದ್ದವು. ಕೆಸರಿನಲ್ಲಿ ಮರಿಯ ಪಾದವೂ ಇತ್ತು. ಮೇಸ್ತ್ರಿಯ ನಗು ಹೋಯಿತು.

"ಕೈ ಚಾಚಿದ್ರೆ ಸಿಗ್ತಿತ್ತು ಸಿಸ್ಟರಮ್ಮ. ನೀವು ಹಿಂದೆಯೇ ಬಂದು ನಿಲ್ಲಿಸಿದ್ರಾ?"

"ಇಲ್ಲ."

ಅವನು ಬಗ್ಗಿ ಸುತ್ತಲೂ ನೋಡಿದ. ಹೋಗುವ ಹೆಜ್ಜೆ, ಬರುವ ಹೆಜ್ಜೆ, ಎರಡೂ ಒಬ್ಬರದೇ. ಎದ್ದು ನಿಂತು, ಬೇಗ ಮನೆಗೆ ಹೋಗೋಣ ಅಂದ.

ದೇವರೇ ಕೈ ಹಿಡಿದ, ಪುಣ್ಯವಂತೆ ನೀನು, ಎಂದು ಕೇಳಿದವರೆಲ್ಲ ಹೇಳುತ್ತಾರೆ. ಇರಬಹುದು. ಅವರು ಬದುಕಿ ಬಂದರು, ಈಗಲೂ ಇದ್ದಾರೆ, ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ. ಆದರೆ ಕಷ್ಟದಲ್ಲಿ ಜೊತೆಗೆ ಒಬ್ಬನಿದ್ದಾನೆ ಎಂಬ ಮಾತನ್ನು ಜನ ಎಷ್ಟು ಹಗುರವಾಗಿ ಆಡುತ್ತಾರೆ. ಅವನು ಇರುವುದು ಗೊತ್ತಾದರೆ ಇಷ್ಟು ಹೆದರಿಕೆಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇವತ್ತಿಗೂ ಲಿಂಗವನ್ನು ಅಂಗೈಗೆ ಇಳಿಸಿಕೊಳ್ಳುವ ಮೊದಲು ಎಡಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡುತ್ತೇನೆ. ಪೂಜೆ ಬಿಟ್ಟಿಲ್ಲ. ಅದು ಈಗ ಬರೀ ಕೆಲಸವಾಗಿ ಉಳಿದಿಲ್ಲ.

ಅಂದು ಅವರ ಕಾಲು ತೊಳೆದೆ. ಬಲ ಮಣಿಕಟ್ಟಿನ ಸುತ್ತ ಬೆರಳೊತ್ತಿದ ಕೆಂಪು ಗುರುತಿತ್ತು. ಮುಲಾಮು ಹಚ್ಚಿದೆ. ಆ ಗುರುತಿಗೆ ನನ್ನ ಬೆರಳುಗಳನ್ನು ಹೊಂದಿಸಿ ನೋಡುವ ಧೈರ್ಯ ಬರಲಿಲ್ಲ. ಅರ್ಧಕ್ಕೆ ನಿಂತ ಪೂಜೆ ಮುಗಿಸಿದೆ. ಬಡಗಿಯನ್ನು ಕರೆಸಿ ಹಿತ್ತಿಲ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದೆ. ಮಲಗುವ ಮುಂಚಿನ ಕೆಲಸ ಅವರ ನಾಡಿ ನೋಡುವುದು. ಅಂದು ಬಲಗೈಯಿಂದ ನೋಡಿದೆ. ನಿಧಾನವಾಗಿತ್ತು, ನಡುವೆ ಒಂದು ಬಡಿತ ತಪ್ಪಿತು. ಎಡಗೈಯಿಂದ ಸೊಟ್ಟಸೊಟ್ಟಾಗಿ ಅದನ್ನು ಬರೆದಿಟ್ಟು ದೀಪ ಆರಿಸಿದೆ.