ಸೊರಬದ ಯಂತ್ರಕ್ಕೆ ಹಾರ ಹಾಕಿದ ದಿನ

೧೯೯೯ರಲ್ಲಿ ನಾನು ಶಿವಮೊಗ್ಗದ ಒಂದು ಕಂಪ್ಯೂಟರ್ ಸೇವಾ ಸಂಸ್ಥೆಯಲ್ಲಿ ಹಿರಿಯ ಸಿಸ್ಟಂ ಇಂಜಿನಿಯರ್ ಆಗಿದ್ದೆ. ಇಸವಿ ಎರಡು ಸಾವಿರ ಹುಟ್ಟುತ್ತಲೇ ಹಳೆಯ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿ ನಿಂತುಹೋಗುತ್ತವೆ ಎಂಬ ಭಯ ಎಲ್ಲ ಕಡೆ ಹರಡಿದ್ದ ಕಾಲ ಅದು. ನಮಗೆ ಕೈತುಂಬ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ ಶಿಕಾರಿಪುರದ ಒಂದು ಟ್ರಸ್ಟ್ ಆಸ್ಪತ್ರೆಯಿಂದ ಕರೆ ಬಂತು.

ಆಸ್ಪತ್ರೆಯಲ್ಲಿ ಮೂರು ಹಳೆಯ ಕಂಪ್ಯೂಟರುಗಳಿದ್ದವು. ರೋಗಿಗಳ ದಾಖಲಾತಿಗೆ ಒಂದು, ಔಷಧ ದಾಸ್ತಾನಿಗೆ ಇನ್ನೊಂದು. ಇವೆರಡೂ ಶಿಕಾರಿಪುರದಲ್ಲಿದ್ದವು. ಮೂರನೆಯದು ಟ್ರಸ್ಟಿನ ಸೊರಬದ ಚಿಕಿತ್ಸಾಲಯದಲ್ಲಿತ್ತು. ಅದರೊಳಗಿದ್ದದ್ದು ಸೊರಬ ತಾಲ್ಲೂಕಿನ ರಕ್ತದಾನಿಗಳ ವಿವರ. ಯಾವ ಊರಲ್ಲಿ ಯಾರದು ಯಾವ ಗುಂಪಿನ ರಕ್ತ, ತುರ್ತಿಗೆ ಅವರನ್ನು ಯಾರ ಅಂಗಡಿಯ ಫೋನಿನಿಂದ ಕರೆಸಬೇಕು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಕಟ್ಟಿದವಳು ಶಾಹೀನಾ. ಸೊರಬ ಪೇಟೆಯ ಒಬ್ಬ ದರ್ಜಿಯ ಮಗಳು, ಅಲ್ಲಿನ ಪ್ರಯೋಗಾಲಯದ ಸಹಾಯಕಿ. ಕಂಪ್ಯೂಟರು ನಡೆಸುವುದೂ ಅವಳ ಪಾಲಿಗೇ ಬಂದಿತ್ತು. ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಗುಡವಿ, ಕುಬಟೂರು, ಕ್ಯಾಸನೂರು ಎಂದು ಊರೂರು ತಿರುಗಿ, ಹೆದರುವ ಜನರ ಬೆರಳ ತುದಿ ಚುಚ್ಚಿ, ಹೆಸರು ಬರೆದುಕೊಂಡು ಬಂದಿದ್ದಳು. ಅದಕ್ಕೆ ಯಾರೂ ಹೇಳಿರಲಿಲ್ಲ. ಅವಳೇ ಮಾಡಿದ್ದು.

ಟ್ರಸ್ಟಿನ ಕಾರ್ಯದರ್ಶಿ ಪಂಚಾಕ್ಷರಪ್ಪ ಶಿಕಾರಿಪುರದ ಅಕ್ಕಿ ವ್ಯಾಪಾರದ ಮನೆತನದವರು. ಬೆಳ್ಳಗೆ ಇಸ್ತ್ರಿ ಮಾಡಿದ ಪಂಚೆ, ಮೆಲುದನಿ. ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಮೂರೂ ಯಂತ್ರಗಳನ್ನು ತೆಗೆದು ಒಂದೇ ದೊಡ್ಡ ಸರ್ವರ್ ಹಾಕಬೇಕೆಂಬುದು ಅವರ ಆಸೆ. ಆದರೆ ಮೂರರ ತಂತ್ರಾಂಶವೂ ಬೇರೆ ಬೇರೆ. ಬರೆದುಕೊಟ್ಟವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಆ ವರ್ಷವಷ್ಟೇ ನಮ್ಮ ಕೈಗೆ ಬಂದಿದ್ದ ಒಂದು ಹೊಸ ವಿದ್ಯೆಯನ್ನು ನಾನು ಅವರಿಗೆ ವಿವರಿಸಿದೆ. ಅದಕ್ಕೆ ವರ್ಚುವಲೈಸೇಷನ್ ಎಂದು ಹೆಸರು. ಒಂದು ಗಟ್ಟಿ ಸರ್ವರಿನ ಮೇಲೆ ಒಂದು ತಂತ್ರಾಂಶವನ್ನು ಕೂರಿಸಿದರೆ ಅದು ಆ ಸರ್ವರಿನ ಮೆಮೊರಿ, ಡಿಸ್ಕು, ಪ್ರೊಸೆಸರುಗಳನ್ನು ಪಾಲು ಮಾಡಿ, ಇಲ್ಲದ ಮೂರು ಯಂತ್ರಗಳನ್ನು ಇರುವಂತೆ ತೋರಿಸುತ್ತದೆ. ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿರುವುದನ್ನೆಲ್ಲ ಅಕ್ಷರಶಃ ನಕಲು ಮಾಡಿ ಆ ಪಾಲಿನೊಳಗೆ ಇಟ್ಟರೆ, ಹಳೆಯ ತಂತ್ರಾಂಶಕ್ಕೆ ತಾನು ಮನೆ ಬದಲಿಸಿದ್ದೇ ತಿಳಿಯುವುದಿಲ್ಲ. ದಿನಾಂಕದ ತೊಡಕನ್ನೂ ಆ ಹೊಸ ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದು.

"ಒಂದೇ ಮನ್ಯಾಗ ಮೂರು ಒಲಿ ಅನ್ರಿ," ಎಂದರು ಪಂಚಾಕ್ಷರಪ್ಪ. ಸ್ವಲ್ಪ ಯೋಚಿಸಿ, "ಹಂಗಾದ್ರ ಅಡಿಗೆಯವರು ಮೂರು ಮಂದಿ ಯಾಕ ಬೇಕು?" ಎಂದು ಕೇಳಿದರು.

ಯಂತ್ರಕ್ಕೂ ಜನಕ್ಕೂ ಸಂಬಂಧವಿಲ್ಲ, ಕೆಲಸ ಮಾಡುವವರು ಬೇಕೇ ಬೇಕು ಎಂದೆ. ಅವರು ನಕ್ಕರು.

ಆಸ್ಪತ್ರೆಯ ಹಿಂಭಾಗದಲ್ಲಿ ಹಳೆಯ ಕಾಗದಪತ್ರ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಏಸಿ ಹಾಕಿಸಿ, ಸರ್ವರ್ ಕೋಣೆ ಮಾಡಿದರು. ಶಿಕಾರಿಪುರದ ಎರಡು ಯಂತ್ರಗಳನ್ನು ಸಾಗಿಸುವುದು ಕಷ್ಟವಾಗಲಿಲ್ಲ. ಹೊಸದನ್ನೂ ಹಳೆಯದನ್ನೂ ಕೆಲವು ದಿನ ಒಟ್ಟಿಗೇ ನಡೆಸಿ, ಲೆಕ್ಕ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಿದೆವು.

ಸೊರಬದ್ದು ಹಾಗಾಗಲಿಲ್ಲ. ಅಲ್ಲಿನ ಯಂತ್ರ ಏಳು ವರ್ಷದಿಂದ ಹೆಚ್ಚುಕಡಿಮೆ ನಿಲ್ಲದೆ ಓಡಿತ್ತು. ಟೇಪಿನಲ್ಲಿ ನಕಲು ತೆಗೆದುಕೊಂಡು ಶಿಕಾರಿಪುರಕ್ಕೆ ಬಂದು ಸರ್ವರಿನಲ್ಲಿ ಓದಿಸಿದರೆ ಅರ್ಧಕ್ಕೇ ನಿಂತಿತು. ಸೊರಬದ ಟೇಪು ಡ್ರೈವೇ ಕೆಟ್ಟಿತ್ತು. ಬೇರೆ ಡ್ರೈವು ತರಿಸಬೇಕಿತ್ತು. ನಾನು ನೇರವಾಗಿ ಕಾರ್ಯದರ್ಶಿಗಳ ಬಳಿ ಹೋಗಿ, ಒಂದು ವಾರ ಕೊಡಿ, ಅಲ್ಲಿಯವರೆಗೆ ಸೊರಬದ ಯಂತ್ರವನ್ನು ಯಾರೂ ಆರಿಸಬಾರದು ಎಂದೆ. ಕಾರಣವನ್ನೂ ಬಿಡಿಸಿ ಹೇಳಿದೆ. ಅಷ್ಟು ವರ್ಷ ತಿರುಗಿದ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ, ಅದನ್ನು ಓದುವ ಹೆಡ್ಡು ತಟ್ಟೆಗೆ ಅಂಟಿಕೊಂಡು ಮತ್ತೆ ತಿರುಗದೇ ಹೋಗಬಹುದು.

"ಸೋಮವಾರ ಸೊರಬದಾಗ ಸಮಾರಂಭ ಇಟ್ಟೀವಿ. ಕಾರ್ಡು ಹಂಚ್ಯಾಗೈತಿ," ಎಂದರು. ಅಷ್ಟೇ.

ಸಮಾರಂಭಕ್ಕೆ ನಾನೂ ಹೋದೆ. ಚಿಕಿತ್ಸಾಲಯದ ಹಜಾರದಲ್ಲಿ ಶಾಮಿಯಾನದ ಬಟ್ಟೆ, ಕುರ್ಚಿ, ಮೈಕು. ಊರಿನ ಹಿರಿಯರು, ವ್ಯಾಪಾರಸ್ಥರು ಬಂದಿದ್ದರು. ಮುಂದಿನ ಸಾಲಿನಲ್ಲಿ ಶಾಹೀನಾಳ ತಂದೆ ತಾವೇ ಹೊಲಿದ ಹೊಸ ಅಂಗಿ ತೊಟ್ಟು ಕುಳಿತಿದ್ದರು. ಮಗಳಿಗೆ ಶಿಕಾರಿಪುರದ ಸರ್ವರ್ ಕೋಣೆಗೆ ಬಡ್ತಿ ಸಿಗುತ್ತದೆ ಎಂದು ಕಾರ್ಯದರ್ಶಿಗಳು ಮೊದಲೇ ಹೇಳಿಕಳಿಸಿದ್ದರಂತೆ. ಮೇಜಿನ ಮೇಲೆ ಹಳೆಯ ಕಂಪ್ಯೂಟರು. ಅದಕ್ಕೆ ಒಂದು ಸೇವಂತಿಗೆ ಹಾರ.

ಪಂಚಾಕ್ಷರಪ್ಪ ಮಾತು ಮುಗಿಸಿ ಶಾಹೀನಾಳನ್ನು ಕರೆದರು. "ಇಷ್ಟು ವರ್ಷ ನೀನೇ ನೋಡ್ಕಂಡೀಯಮ್ಮ. ನಿನ್ನ ಕೈಯಿಂದಲೇ ಆರಿಸಬೇಕು."

ನಾನು ಎದ್ದು ನಿಂತು, "ಸಾರ್, ನಕಲು ಇನ್ನೂ ಆಗಿಲ್ಲ," ಎಂದೆ. ಸಭೆ ನನ್ನ ಕಡೆ ತಿರುಗಿತು. "ಇಂಜಿನಿಯರ್ ಸಾಹೇಬರಿಗೆ ಹಳೇದರ ಮ್ಯಾಲೆ ಭಾಳ ಪ್ರೀತಿ," ಎಂದು ಅವರು ಮೈಕಿನಲ್ಲಿ ಹೇಳಿದರು. ಎಲ್ಲರೂ ನಕ್ಕರು.

ಶಾಹೀನಾ ಮೈಕಿನಿಂದ ದೂರ ಸರಿದು ಅವರಿಗೆ ಮಾತ್ರ ಕೇಳುವಂತೆ ಹೇಳಿದಳು. ನಾನು ಹತ್ತಿರವಿದ್ದುದರಿಂದ ನನಗೂ ಕೇಳಿತು. "ಬ್ಯಾಡ ಸಾರ್. ದಾನಿಗಳ ಹೆಸರೆಲ್ಲ ಇದ್ರಲ್ಲೇ ಇದೆ. ಬೇರೆ ಎಲ್ಲೂ ಇಲ್ಲ."

"ಅಪ್ಪ ಎದುರಿಗೇ ಕುಂತಾರ," ಎಂದರು ಅವರು, ಅದೇ ಮೆಲುದನಿಯಲ್ಲಿ. "ಮಾತು ಕೇಳದವಳು ಅನ್ನಿಸ್ಕೋಬ್ಯಾಡ. ಶಿಕಾರಿಪುರದಾಗ ನಿನ್ನ ಕುರ್ಚಿ ಕಾಯ್ತೈತಿ."

ಅವಳು ತಂದೆಯ ಕಡೆ ನೋಡಿದಳು. ಅವರು ಏನೂ ತಿಳಿಯದೆ ಹೆಮ್ಮೆಯಿಂದ ತಲೆಯಾಡಿಸಿದರು. ಅವಳು ಸ್ವಿಚ್ಚು ಒತ್ತಿದಳು. ಫ್ಯಾನಿನ ಸದ್ದು ನಿಧಾನವಾಗಿ ಇಳಿದು ನಿಂತಿತು. ಚಪ್ಪಾಳೆ ಬಿತ್ತು.

ಆಮೇಲೆ ಆದದ್ದನ್ನು ನಾನು ಮರೆತಿಲ್ಲ. ಪಂಚಾಕ್ಷರಪ್ಪ ಇನ್ನೊಂದು ಸೇವಂತಿಗೆ ಹಾರ ತರಿಸಿ ಶಾಹೀನಾಳ ಕೈಗೆ ಕೊಟ್ಟು ಮೈಕಿನಲ್ಲಿ ಹೇಳಿದರು: "ಯಂತ್ರಕ್ಕೂ ವಿಶ್ರಾಂತಿ, ಯಂತ್ರ ನಡೆಸಿದವರಿಗೂ ವಿಶ್ರಾಂತಿ. ನಮ್ಮ ತಂಗಿಯನ್ನ ಇವತ್ತು ಗೌರವದಿಂದ ಬೀಳ್ಕೊಡ್ತಾ ಇದ್ದೀವಿ." ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವಳ ತಂದೆಯೂ ತಟ್ಟಿದರು. ಬೀಳ್ಕೊಡುಗೆ ಎಂಬ ಮಾತು ಅವರಿಗೆ ಅರ್ಥವಾಗುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಶಾಹೀನಾಗೆ ಆಗ ಮೂವತ್ತು ದಾಟಿತ್ತಷ್ಟೆ.

ಊಟಕ್ಕೆ ಎಲೆ ಹಾಕುತ್ತಿದ್ದಾಗ ನಾನು ಯಂತ್ರವನ್ನು ಮತ್ತೆ ಚಾಲೂ ಮಾಡಿ ನೋಡಿದೆ. ಒಳಗೆ ಟಕ್, ಟಕ್ ಎಂದಿತು. ಡಿಸ್ಕು ತಿರುಗಲಿಲ್ಲ. ಬಿಚ್ಚಿ ಬೆಂಗಳೂರಿಗೆ ಕಳಿಸಿದೆವು. ಅಲ್ಲಿಯವರೂ ಕೈಚೆಲ್ಲಿದರು. ದಾನಿಗಳ ವಿವರದ ಮುದ್ರಿತ ಪ್ರತಿಗಳೂ ಶಾಹೀನಾ ಬರೆದುಕೊಂಡಿದ್ದ ಚೀಟಿಗಳೂ ಶಿಕಾರಿಪುರದ ಕಡತಗಳಲ್ಲಿ ಇರಬೇಕೆಂದು ಹುಡುಕಿದೆ. ಸರ್ವರ್ ಕೋಣೆಗೆ ಜಾಗ ಮಾಡುವಾಗ ಅವೆಲ್ಲ ರದ್ದಿಗೆ ಹೋಗಿದ್ದವು.

ಮುಂದಿನ ವಾರ ನಾನು ಸರ್ವರ್ ಕೋಣೆಯಲ್ಲಿದ್ದೆ. ಕೆಟ್ಟ ಟೇಪಿನಿಂದ ಸಿಕ್ಕಷ್ಟನ್ನಾದರೂ ಎತ್ತುವ ಪ್ರಯತ್ನ ನಡೆದಿತ್ತು. ಮಧ್ಯಾಹ್ನ ಹೆರಿಗೆ ವಿಭಾಗದ ಡಾಕ್ಟರ್ ಸರೋಜಾ ತಾವೇ ಓಡಿಬಂದರು. ಕುಬಟೂರಿನ ಲಲಿತಾ ಎಂಬ ಹೆಣ್ಣುಮಗಳು. ಮಗು ಹುಟ್ಟಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ. ಅವಳದು ಓ ನೆಗೆಟಿವ್. ಆ ಗುಂಪಿನವರು ಸಿಗುವುದು ಬಹಳ ಅಪರೂಪ. ಅವರಿಗೆ ಬೇರೆ ಗುಂಪಿನ ರಕ್ತ ಹೊಂದುವುದಿಲ್ಲ. ಶಿವಮೊಗ್ಗಕ್ಕೆ ಫೋನಾಗಿತ್ತು, ಆ ಹೊತ್ತಿಗೆ ಅಲ್ಲಿಯೂ ಇರಲಿಲ್ಲ.

"ಸೊರಬದ ಪಟ್ಟಿಯಲ್ಲಿ ಇಬ್ಬರೋ ಮೂವರೋ ಇದ್ರು. ಬೇಗ ತೆಗೀರಿ," ಎಂದರು.

ಪರದೆಯ ಮೇಲೆ ಮೂರು ಕಿಟಕಿಗಳಿದ್ದವು. ಎರಡು ಓಡುತ್ತಿದ್ದವು. ಮೂರನೆಯದು, ಸೊರಬದ್ದು, ಕಪ್ಪಗಿತ್ತು. ನಾನು ಅದನ್ನು ತೋರಿಸಿದೆ. ಅವರು ವಾರ್ಡಿಗೆ ಓಡಿದರು.

ಶಾಹೀನಾಳ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿದೆ. ಅವಳು ಬಂದು ರಿಸೀವರ್ ಹಿಡಿದಳು. ಓ ನೆಗೆಟಿವ್ ದಾನಿ ಬೇಕು ಎಂದೆ. ಸಿಟ್ಟು ಮಾಡಲಿಲ್ಲ, ಯಾಕೆ ಎಂದು ಕೇಳಲಿಲ್ಲ. "ಗುಡವಿ ಕಡೆಯವ್ರು ಒಬ್ರಿದ್ರು ಸಾರ್. ಹೆಸರು ಬಾಯಿಗೆ ಬರ್ತಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತದೆ. ಹೋಗ್ತೀನಿ," ಎಂದಳು.

ಬಾಡಿಗೆ ಜೀಪು ಹಿಡಿದು ಗುಡವಿಗೆ ಹೋದಳು. ಆ ಮನುಷ್ಯ ಮನೆಯಲ್ಲಿರಲಿಲ್ಲ. ಗದ್ದೆಗೆ ಹೋಗಿ ಹುಡುಕಿ, ಕೆಸರು ಕಾಲಲ್ಲೇ ಹತ್ತಿಸಿಕೊಂಡು, ಸೊರಬ, ಶಿರಾಳಕೊಪ್ಪ ದಾಟಿ ಶಿಕಾರಿಪುರಕ್ಕೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ವಾರ್ಡಿನ ಮುಂದೆ ಬಂದ ಆತ ಅಂಗಿಯ ತೋಳನ್ನು ಮೇಲೇರಿಸುತ್ತ, "ಎಲ್ಲಿ ಕೊಡ್ಬೇಕ್ರೀ?" ಎಂದು ಕೇಳಿದ.

ಲಲಿತಾ ತೀರಿಕೊಂಡು ಸ್ವಲ್ಪ ಹೊತ್ತಾಗಿತ್ತು. ಆತ ಮೇಲೆತ್ತಿದ ತೋಳನ್ನು ಇಳಿಸಿಕೊಳ್ಳುವುದು ಹೇಗೆಂದು ತಿಳಿಯದೆ ಹಾಗೆಯೇ ನಿಂತ. ಶಾಹೀನಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

ಲಲಿತಾಳ ಗಂಡ ಹಾಲಪ್ಪನಿಗೆ ಯಂತ್ರ, ಪಟ್ಟಿ ಯಾವುದೂ ಗೊತ್ತಿರಲಿಲ್ಲ. ಗೊತ್ತುಮಾಡಿಸಿದವರು ಪಂಚಾಕ್ಷರಪ್ಪ. ವಾರ್ಡಿಗೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಹೆಣ್ತಿಗೆ ರಕ್ತ ಕೊಡೋರ ಹೆಸರೆಲ್ಲ ಇದ್ದ ಯಂತ್ರಾನ ಆರಿಸಿದ್ದು ಇವಳ ಕೈ," ಎಂದು ನೆಲದ ಮೇಲೆ ಕುಳಿತವಳನ್ನು ತೋರಿಸಿದರು.

"ನೀವು ಹೇಳಿ ಆರಿಸಿದ್ದು ಸಾರ್," ಎಂದೆ ನಾನು.

"ಕೈ ಯಾರದು ಅಂತ ಹೇಳಿದೆ ನಾನು. ಸುಳ್ಳೇನ್ರಿ?"

ಹಾಲಪ್ಪ ಅವಳ ಮೇಲೆ ಉಗಿದ. ಅವಳು ಸೆರಗಿನಿಂದ ಒರೆಸಿಕೊಂಡಳು. ಇದರಲ್ಲಿ ಅವನ ತಪ್ಪೇನೂ ಇಲ್ಲವೆಂಬಂತೆ ಅವನನ್ನು ನೋಡಿದಳು. ಆಸ್ಪತ್ರೆಯ ಬಿಡುಗಡೆ ಚೀಟಿ ಆಗಲೇ ಹೊಸ ಸರ್ವರಿನಿಂದ ಮುದ್ರಣವಾಗಿ ಬಂದಿತ್ತು. ಹೆಸರು, ಊರು, ದಿನಾಂಕ ಎಲ್ಲವೂ ಸರಿಯಾಗಿದ್ದವು.

ಟ್ರಸ್ಟಿನ ವಿಚಾರಣಾ ಸಭೆಯಲ್ಲಿ ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಡಾಕ್ಟರ್ ಸರೋಜಾ ನನ್ನ ಮಾತಿಗೆ ಸಾಕ್ಷಿ ನಿಂತರು. ಸಭೆ ಎಲ್ಲವನ್ನೂ ಕೇಳಿಸಿಕೊಂಡು, ಯಂತ್ರವನ್ನು ಆರಿಸಿದ್ದು ಅದರ ನಿರ್ವಾಹಕಿಯೇ ಎಂದು ತೀರ್ಮಾನಿಸಿತು. ನಮ್ಮ ಸಂಸ್ಥೆಗೆ ಒಂದು ಫೋನು ಹೋಯಿತು. ಟ್ರಸ್ಟಿನ ಕೆಲಸದಿಂದ ನನ್ನನ್ನು ತೆಗೆದರು. ಸರೋಜಾ ತಾವಾಗಿಯೇ ಕೆಲಸ ಬಿಟ್ಟು ಹೋದರು. ಪಂಚಾಕ್ಷರಪ್ಪ ಮರುವರ್ಷ ಟ್ರಸ್ಟಿನ ಅಧ್ಯಕ್ಷರಾದರು.

ಕೆಲವು ತಿಂಗಳು ಕಳೆದ ಮೇಲೆ ಸೊರಬದಲ್ಲಿ ಶಾಹೀನಾಳನ್ನು ಕಂಡೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಳೆಯ ದಾನಿಗಳ ಹೆಸರನ್ನು ಮತ್ತೆ ಕೂಡಿಸೋಣ, ಇಡುವ ಜಾಗ ನಾನು ಹುಡುಕುತ್ತೇನೆ ಎಂದೆ.

"ಹೋಗಿದ್ದೆ ಸಾರ್, ಕುಬಟೂರಿಗೆ," ಎಂದಳು. "ಬಾಣಂತಿ ಕೊಂದೋಳು ಬಂದ್ಲು ಅಂತ ಬಾಗಿಲು ಹಾಕ್ಕಂಡ್ರು. ಇನ್ನು ನನ್ನ ಮುಂದೆ ಯಾರು ಬೆರಳು ಚಾಚ್ತಾರೆ?" ಅಷ್ಟು ಹೇಳಿ ಮುಂದಿನ ಗಿರಾಕಿಯ ಕಾಗದವನ್ನು ಗಾಜಿನ ಮೇಲಿಟ್ಟಳು.

ಅಲ್ಲಿಂದ ಮುಂದೆ ನಾನು ನಿವೃತ್ತನಾಗುವವರೆಗೂ ದೊಡ್ಡ ದೊಡ್ಡ ಡೇಟಾ ಸೆಂಟರುಗಳಲ್ಲಿ ಇದೇ ವಿದ್ಯೆಯನ್ನು ನಡೆಸಿದೆ, ಕಲಿಸಿದೆ. ಹೊಸದು ಪೂರ್ತಿ ಓಡಿ ತಾಳೆಯಾಗುವವರೆಗೆ ಹಳೆಯದನ್ನು ಮುಟ್ಟಬೇಡಿ ಎಂಬುದನ್ನು ಮೊದಲ ದಿನವೇ ಹೇಳುತ್ತಿದ್ದೆ. ಅದು ಎಲ್ಲ ಕೈಪಿಡಿಗಳಲ್ಲೂ ಇದೆ. ಕೈಪಿಡಿಗಳಲ್ಲಿ ಇಲ್ಲದ್ದೊಂದನ್ನೂ ಹೇಳುತ್ತಿದ್ದೆ: ಆರಿಸು ಎಂದು ಅಪ್ಪಣೆ ಕೊಡುವವರ ಕೈಯಿಂದಲೇ ಸ್ವಿಚ್ಚು ಒತ್ತಿಸಿ. ವಿದ್ಯಾರ್ಥಿಗಳು ಅದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು.

ಈ ವಿದ್ಯೆಯ ದೊಡ್ಡ ಗುಣ ಯಾವುದು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಒಂದೇ ಸರ್ವರಿನ ಮೇಲಿರುವ ಯಂತ್ರಗಳಲ್ಲಿ ಒಂದು ಸತ್ತುಬಿದ್ದರೂ ಪಕ್ಕದವಕ್ಕೆ ಅದರ ಅರಿವೇ ಆಗುವುದಿಲ್ಲ. ಅವು ತಮ್ಮ ಪಾಡಿಗೆ ಓಡುತ್ತಿರುತ್ತವೆ. ನಾನೂ ಪಾಠದಲ್ಲಿ ಹಾಗೆಯೇ ಹೇಳಿಕೊಟ್ಟಿದ್ದೇನೆ. ಆದರೆ ಅದನ್ನು ಗುಣ ಎಂದು ಕರೆಯಲು ನನಗೆ ಒಂದು ದಿನವೂ ಬಾಯಿ ಬರಲಿಲ್ಲ.