ಕಲ್ಲಿಗೆ ಕಿವಿ ಹಚ್ಚುತ್ತಿದ್ದ ದಾವಲಸಾಬ ಚಾಚಾ

ದಾವಲಸಾಬ ಚಾಚಾ ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುತ್ತಿದ್ದರು. ಐದು ಬೆರಳು ಮುಗಿದ ಮೇಲೆ ನಾವೆಲ್ಲ ಇನ್ನೊಂದು ಕೈ ಎತ್ತುತ್ತೇವೆ, ಅವರು ಎತ್ತುತ್ತಿರಲಿಲ್ಲ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಮೂರು ಬೆರಳಿನ ತುದಿ ಕೂಡಿಸಿದರೆ ಏಳು. ತೋರುಬೆರಳನ್ನು ಕೊಕ್ಕೆ ಮಾಡಿದರೆ ಒಂಬತ್ತು. ಒಮ್ಮೆ ಇಳಕಲ್ಲಿನ ಸಂತೆಯಲ್ಲಿ ಆರು ನಿಂಬೆಹಣ್ಣು ಬೇಕೆಂದು ಹಾಗೆ ಕೈ ತೋರಿಸಿದಾಗ ಮಾರುವಾಕೆ, "ಯಾರಿಗೆ ಫೋನ್ ಹಚ್ಚಬೇಕ್ರಿ?" ಎಂದು ಕೇಳಿದ್ದಳು.

ಈ ಎಣಿಕೆ ಅವರು ಕಲಿತದ್ದು ಚೀನಾದಿಂದ ಬರುತ್ತಿದ್ದ ಕಲ್ಲಿನ ವ್ಯಾಪಾರಿಗಳಿಂದ. ಚಾಚಾ ನಮ್ಮ ಪಕ್ಕದ ಮನೆಯವರು, ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ವ್ಯಾಪಾರಿಗಳು ಕ್ವಾರಿಗೆ ಬಂದರೆ ಮಾಲೀಕ ಇವರನ್ನೇ ಜೊತೆಗೆ ಕಳಿಸುತ್ತಿದ್ದ. ಕೆಂಪು ಕಲ್ಲನ್ನು ಸಣ್ಣ ಸುತ್ತಿಗೆಯಿಂದ ಬಡಿದು, ಕಿವಿ ಹಚ್ಚಿ, ಒಳಗೆ ಸೀಳಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಅವರೊಬ್ಬರೇ. ಹಾಗೆ ತಿರುಗಾಡುತ್ತ, ಕೇಳಿ ಕೇಳಿಯೇ ಆ ಭಾಷೆಯ ನಾಲ್ಕು ಮಾತು ಅವರ ಬಾಯಿಗೆ ಬಂದಿದ್ದವು.

ನನಗೆ ಇಲ್ಲಿ ಡಾಕ್ಟರಿ ಸೀಟು ಸಿಗಲಿಲ್ಲ. ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ಸಿಗುತ್ತದೆ ಎಂದು ಗೊತ್ತಾದಾಗ, ಹುನಗುಂದದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಎಂಟು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. "ಅಲ್ಲಿ ಏನ ಉಣ್ತಾಳ, ಯಾರ ಕೂಡ ಮಾತಾಡ್ತಾಳ?" ಎಂದು ಅವ್ವ ಅತ್ತಳು. ಚಾಚಾ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ಶಿವಪ್ಪಣ್ಣ, ನಾವು ನೀ ಅಂತೀವಲ್ಲ, ಅವರೂ ನೀ ಅಂತಾರ. ನಮ್ಮ ಚಾ ಅವರಿಗೂ ಚಾ. ಇವೆರಡು ಮಾತ ಇದ್ರ ಯಾರ ಮನ್ಯಾಗರ ಹೋಗಿ ಕುಂಡ್ರಬಹುದು."

ಅಪ್ಪ ಎಂಟು ದಿನಗಳಲ್ಲಿ ಮೊದಲ ಸಲ ನಕ್ಕರು. ನಾನು ಹೋಗುವುದು ಅಂದೇ ಗಟ್ಟಿಯಾಯಿತು.

ಅಂದಿನಿಂದ ದಿನಾ ಸಂಜೆ ಪಾಠ. 'ಹಾವ್' ಎಂದರೆ ಚಲೋ. 'ನೀ ಹಾವ್' ಎಂದರೆ ಅವರ ನಮಸ್ಕಾರ. ನಾವಿಬ್ಬರೂ ಗಟ್ಟಿಯಾಗಿ ಹೇಳುತ್ತಿದ್ದರೆ ಅವ್ವ ಒಳಗಿನಿಂದ, "ದೀಪಾ ಹಚ್ಚೂ ಹೊತ್ತಿನ್ಯಾಗ ಹಾವಿನ ಹೆಸರ ತಗೀಬ್ಯಾಡ್ರಿ!" ಎಂದು ಗದರುತ್ತಿದ್ದಳು. ಅಲ್ಲಿಗೆ ಹೋದ ಮೇಲೆ ನನ್ನ ಮಾತು ಕೇಳಿ ಭಾಷೆ ಕಲಿಸುವ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಹಮಾಲರ ಚೀನೀ ಭಾಷೆ, ಯಾರು ಕಲಿಸಿದರು ಎಂದು ಕೇಳಿದರು. ನಮ್ಮ ಚಾಚಾ ಎಂದು ಹೆಮ್ಮೆಯಿಂದಲೇ ಹೇಳಿದೆ.

ಎರಡನೆಯ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ಚಾಚಾಗೆ ಕೆಮ್ಮು ಮೊದಲಿನಿಂದಲೂ ಇತ್ತು. ಈ ಸಲ ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಚಾಚಿ ಕೆರೂರಿನ ತವರಿಗೆ ಹೋಗಿದ್ದ ಒಂದು ಮಧ್ಯಾಹ್ನ ಎಕ್ಸ್‌ರೇ ಹಿಡಿದುಕೊಂಡು ಬಂದರು.

"ಬಾಗಲಕೋಟಿ ದವಾಖಾನ್ಯಾಗ ತಗದಾರ. ಡಾಕ್ಟರ ಏನೇನೋ ಅಂದ, ತಿಳೀಲಿಲ್ಲ. ನೀ ನೋಡು. ಎಲ್ಲಿ ಸೀಳೇತಿ ತೋರಸು."

ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಕಡೆ, ಎದೆಯ ಮೇಲುಭಾಗದಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಅಂಥದೇ ಚಿತ್ರವನ್ನು ತರಗತಿಯಲ್ಲಿ ನೋಡಿದ್ದೆ. ಕಲ್ಲಿನ ಧೂಳು ಕುಡಿದ ಪುಪ್ಪುಸ, ವಾಸಿಯಾಗುವ ರೋಗವಲ್ಲ. ನನಗಾಗ ಇಪ್ಪತ್ತು ವರ್ಷ. "ಹಾವ್ ಐತಿ ಚಾಚಾ," ಎಂದುಬಿಟ್ಟೆ.

ಚಾಚಾ ಎಕ್ಸ್‌ರೇ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಆ ವ್ಯಾಪಾರಿಗೋಳು ತಗೊಳ್ಳೂ ಕಲ್ಲಿಗೆ ಬೂ ಹಾವ್ ಅಂತಾರ ಬೇಟಾ. ಚಲೋ ಇಲ್ಲ, ಚಲೋ ಇಲ್ಲ ಅಂತ ಚೌಕಾಸಿ ಮಾಡ್ತಾರ. ಬ್ಯಾಡಾದ ಕಲ್ಲಿಗಷ್ಟ ಹಾವ್ ಹಾವ್ ಅಂದು, ನಕ್ಕು, ಮುಂದ ಹೋಗ್ತಾರ."

ನಾನು ಅತ್ತೆ. ಧೂಳಿನ ಹತ್ತಿರ ಹೋಗಬೇಡಿ, ನಾಳೆಯಿಂದಲೇ ಕೆಲಸ ಬಿಡಿ ಎಂದು ಕೈ ಹಿಡಿದೆ.

"ಬಿಡ್ತೇನಿ. ರಮಜಾನ್ ಒಂದ ಮುಗೀಲಿ. ಆದ್ರ ನಿನ್ನ ಚಾಚಿಗೆ ಹೇಳಬ್ಯಾಡ. ಆಕಿ ಉಣ್ಣೂದ ಬಿಟ್ಟುಬಿಡ್ತಾಳ. ಆಣಿ ಮಾಡು."

ಆಣೆ ಮಾಡಿದೆ.

ನಾನು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಬಂದರು. ನನ್ನ ಬ್ಯಾಗು ತಾವೇ ಎತ್ತುತ್ತೇನೆಂದು ಹಟ ಹಿಡಿದು, ಎತ್ತಲಾಗದೆ, ಅದನ್ನು ಕಾಯುವವರಂತೆ ಅದರ ಮೇಲೆಯೇ ಕೂತುಬಿಟ್ಟರು. ಕೊನೆಗೆ ಅಪ್ಪ ಎತ್ತಿ ಒಳಗಿಟ್ಟರು. ಬಸ್ಸು ತಿರುಗುವಾಗ ನೋಡಿದೆ: ಕೆಮ್ಮು ನನಗೆ ಕೇಳಬಾರದೆಂದು ಟವೆಲ್ ಬಾಯಿಗೊತ್ತಿ, ಬೆನ್ನು ಮಾಡಿ ನಿಂತಿದ್ದರು.

ರಮಜಾನ್ ಮುಗಿದರೂ ಅವರು ಕೆಲಸ ಬಿಡಲಿಲ್ಲ. ಫೋನಿನಲ್ಲಿ ಕೇಳಿದರೆ, "ಬಿಟ್ಟೇನಿ ಬಿಡು. ನೀ ಏನ ಉಂಡಿ?" ಎನ್ನುತ್ತಿದ್ದರು. ನಾನು ನಂಬಿದೆ, ನಂಬುವುದು ನನಗೂ ಸುಲಭವಾಗಿತ್ತು. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಪರೀಕ್ಷೆ ನಡೆದಿದೆಯೆಂದು ಅಪ್ಪ ಮಣ್ಣು ಮುಗಿದು ಒಂಬತ್ತು ದಿನದ ಮೇಲೆ ತಿಳಿಸಿದರು.

ರಜೆಗೆ ಬಂದವಳು ಮೊದಲು ಚಾಚಿಯ ಮನೆಗೆ ಹೋದೆ. ಅವರು ಒಳಗಿನ ಟ್ರಂಕಿನಿಂದ ಎಕ್ಸ್‌ರೇ ತಂದು ನನ್ನ ಮುಂದಿಟ್ಟರು.

"ಹಾಸಗಿ ಬಟ್ಟಿ ಕೆಳಗ ಸಿಕ್ತು. ನೀ ಬಂದಾಗ ತೋರಿಸಿರಬೇಕಲ್ಲ? ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ತು ಚಾಚಿ. ಆಣಿ ಹಾಕಿಸ್ಕೊಂಡಿದ್ರು."

"ನನಗೊಂದ ಮಾತ ಅಂದಿದ್ರ ಬಾಗಲಕ್ಕ ಅಡ್ಡ ಕುಂಡ್ರತಿದ್ನಿ."

ಚಾಚಿ ದನಿ ಏರಿಸಲಿಲ್ಲ. ಎಕ್ಸ್‌ರೇಯನ್ನು ಮತ್ತೆ ಲಕೋಟೆಗೆ ಸೇರಿಸುತ್ತ, ನನಗೆ ಹೇಳಿದಂತೆಯೂ ಅಲ್ಲದೆ, "ದಿನಾ ಮುಂಜಾನಿ ನಾನ ಬುತ್ತಿ ಕಟ್ಟಿ ಕಳಸೇನಲ್ಲ," ಎಂದರು.