ಚಾವಡಿಯಲ್ಲಿ ಬಂದಿಯಾದ ಚಾಕು

ಹೋದ ಭಾನುವಾರ ಒಂದು ಹೋತದ ಮುಂದೆ ನಮ್ಮ ಇಡೀ ಬಳಗ ಹಸಿದು ಕುಳಿತಿತ್ತು. ಯಡ್ರಾಮಿಯ ಆಚೆ ಅಕ್ಕನ ಊರು. ಅವಳ ಮೊಮ್ಮಗನ ಜವಳ. ಕೂದಲು ತೆಗೆಸಿಯಾಗಿತ್ತು, ಖಾರ ಅರೆದಾಗಿತ್ತು, ರೊಟ್ಟಿಯ ಬುಟ್ಟಿ ತುಂಬಿತ್ತು. ಹೋತ ಮಾತ್ರ ಆರಾಮಾಗಿ ಸೊಪ್ಪು ತಿನ್ನುತ್ತಿತ್ತು.

ಯಾಕೆ? ಊರ ಮುಲ್ಲಾ ಲಾಲಸಾಬರು ಬಂದಿರಲಿಲ್ಲ.

ನಮ್ಮ ಕಡೆಯವರಿಗೆ ಇದು ಗೊತ್ತು, ದೂರದ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿ ಮಾಂಸ ತಿನ್ನುವ ಹಿಂದೂ ಮನೆಗಳಲ್ಲೂ ಕುರಿ, ಹೋತ ಕೊಯ್ಯುವವರು ಮುಲ್ಲಾನೇ. ಅವರು ಅಲ್ಲಾನ ಹೆಸರು ಹೇಳಿ ಕೊಯ್ಯಬೇಕು, ಆಮೇಲೆ ನಾವು ತಿನ್ನಬೇಕು. ಅದಕ್ಕೆ ಸುಗ್ಗಿಯಲ್ಲಿ ಜೋಳ, ಕೊಯ್ದ ದಿನ ಒಂದು ಪಾಲು ಮಾಂಸ. (ನಮ್ಮ ಅಜ್ಜನ ಅಜ್ಜನಿಗೂ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.)

ಭಾವ ಮಾಳಪ್ಪ ಊರ ಕಮಿಟಿಯ ಲೀಡರ್. ನನ್ನನ್ನು ಕರೆದುಕೊಂಡು ಲಾಲಸಾಬರ ಮನೆಗೆ ಹೋದರು.

"ಏಳ್ರಿ ಕಾಕಾ, ಮಂದಿ ಹಸದು ಕುಂತಾರ. ಹುಡುಗೂರು ಅಳಾಕತ್ತಾವ."

"ಬರ್ತೇನ್ರಿ. ಚಾಕು ಎಲ್ಲದ?"

ಭಾವ ಜೊತೆಗೆ ಬಂದಿದ್ದ ಆಳಿಗೆ ಕಣ್ಸನ್ನೆ ಮಾಡಿದರು. ಚಾಕು ಚಾವಡಿಯಲ್ಲಿತ್ತು. ಹೋದ ವರ್ಷ ನಿಜಾಮನ ಆಳ್ವಿಕೆ ಹೋದ ಮೇಲೆ ಕಮಿಟಿಯವರು ಮುಸಲ್ಮಾನರ ಮನೆಯ ಆಯುಧಗಳನ್ನೆಲ್ಲ ಕಸಿದು ತಂದಿದ್ದರು. ಊರಲ್ಲಿ ಅವರ ಮನೆಗಳೇ ಮೂರೋ ನಾಲ್ಕೋ. ಆಯುಧವೆಂದು ಸಿಕ್ಕಿದ್ದು ಈ ಚಾಕು ಒಂದೇ. ಗಲಾಟೆಯ ದಿನಗಳಲ್ಲಿ ಹಳ್ಳಿ ಸುಲಿದವರು ನಿಜಾಮನ ಕಡೆಯಿಂದ ಬಂದೂಕು ಹಿಡಿದು ಬಂದವರು. ಅವರು ಓಡಿಹೋದರು. ಕೈಗೆ ಸಿಕ್ಕವರು ಮುಲ್ಲಾ.

ಆಳು ಓಡಿಹೋಗಿ ಚಾಕು ತಂದ. ಜಂಗು ಹಿಡಿದಿತ್ತು. ಲಾಲಸಾಬರು ಸಾಣೆಕಲ್ಲು ತೆಗೆದುಕೊಂಡು ಕುಳಿತರು.

"ಮೊಂಡ ಚಾಕುಲೆ ಕೊಯ್ದರ ಜೀವಕ್ಕ ತ್ರಾಸ ಆಗ್ತದ. ನಮ್ಮಲ್ಲಿ ಅದು ಪಾಪ ಅದರಿ."

ಅವರ ಅಂಗಳದಲ್ಲೂ ಒಂದು ಹೋತ ಕಟ್ಟಿತ್ತು. ಯಾರದು ಎಂದು ಕೇಳಿದೆ. ಅವರ ಹೆಂಡತಿ ಖಾಜಾಬಿ ಒಳಗಿನಿಂದಲೇ ಉತ್ತರ ಕೊಟ್ಟರು.

"ನಮ್ದೇ ಅಪ್ಪಾ. ಮಗಾ ಜಡ್ಡಿನಾಗಿಂದ ಎದ್ದರ ಬಕ್ರೀದಿಗೆ ಕುರ್ಬಾನಿ ಕೊಡ್ತೇವಂತ ಹರಕಿ ಹೊತ್ತಿದ್ವಿ. ಮಗಾ ಎದ್ದ. ಚಾಕು ಕೇಳಾಕ ಇವ್ರು ಚಾವಡಿಗೆ ಹೋದ್ರು. ನಾಳಿ ಬಾ ಅಂದ್ರು. ಮತ್ತ ಹೋದ್ರು, ಮತ್ತ ನಾಳಿ ಬಾ ಅಂದ್ರು. ಕುರ್ಬಾನಿ ಕೊಡೋ ಮೂರು ದಿನಾನೂ ಮುಗದು ಹೋದ್ವು."

"ಬೇರೆ ಚಾಕು ಸಿಗಲಿಲ್ಲೇನ್ರಿ?" ನನ್ನ ಜಾಣ ಪ್ರಶ್ನೆ.

ಲಾಲಸಾಬರು ಕಲ್ಲಿನಿಂದ ತಲೆ ಎತ್ತಲಿಲ್ಲ. "ಬ್ಯಾರೆ ಚಾಕು ಹಿಡದಿದ್ರ, ಮುಲ್ಲಾ ಬಚ್ಚಿಟ್ಟಿದ್ದ ಅಂತಿದ್ರಿ."

ನಾಳೆ ಬಾ ಎಂದವರು ಯಾರು? ಕೇಳುವುದೇ ಬೇಡ. ಭಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಿದ್ದರು. "ಆಗ ಮ್ಯಾಲಿನ ಆರ್ಡರ್ ಇತ್ತು" ಎಂದರು. ಇವತ್ತು ಯಾವ ಆರ್ಡರ್ ಬಂತು ಎಂದೆ. ನನ್ನನ್ನು ನುಂಗುವಂತೆ ನೋಡಿದರು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಆ ಚಾಕಿಗೆ ಅಷ್ಟು ಅಂಜಿಕಿ ಇದ್ರ ನೀವೇ ಕೊಯ್ಯಬಾರ್ದೇನು?"

"ಹುಚ್ಚೇನೋ ನಿನಗ? ಮುಲ್ಲಾ ಕೊಯ್ಯದ ಮಾಂಸ ಬಳಗದವ್ರು ಮುಟ್ತಾರೇನು? ಧರ್ಮ ಕೆಡ್ತದ!"

ಕೇಳಿದಿರಾ? ನಮ್ಮ ಧರ್ಮ ಉಳಿಯಲು ಲಾಲಸಾಬರ ಅಲ್ಲಾ ಬೇಕು. ಲಾಲಸಾಬರಿಗೆ ತಮ್ಮ ಧರ್ಮ ಪಾಲಿಸಲು ನಮ್ಮ ಕಮಿಟಿಯ ಪರ್ಮಿಷನ್ ಬೇಕು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಲಾಲಸಾಬರು ಬಂದರು, ಬಿಸ್ಮಿಲ್ಲಾ ಹೇಳಿ ಕೊಯ್ದರು. ಭಾವ ಪಾಲಿಗಿಂತ ಜಾಸ್ತಿ ಮಾಂಸ ಹಾಕಿಸಿದರು. ತಮ್ಮ ಪಾಲಿನಷ್ಟು ಇಟ್ಟುಕೊಂಡು ಉಳಿದದ್ದನ್ನು ಲಾಲಸಾಬರು ಹಿಂದಕ್ಕೆ ಕೊಟ್ಟರು. ಆಮೇಲೆ ಚಾಕು ತೊಳೆದು, ಒರೆಸಿ, ಭಾವನ ಮುಂದೆ ಹಿಡಿದರು.

"ಇರಲಿ, ನಿಮ್ಮ ಕಡೆನೇ ಇಟ್ಕೊಳ್ರಿ" ಎಂದು ಭಾವ ಹೇಳಬಹುದಿತ್ತು. ಅಷ್ಟು ಮಾತಿಗಾಗಿ ನಾನು ಕಾದೆ. ಲಾಲಸಾಬರೂ ಕಾದರು ಅನ್ನಿಸಿತು. ಭಾವ ಚಾಕನ್ನು ಬಟ್ಟೆಯಲ್ಲಿ ಸುತ್ತಿ ಆಳಿನ ಕೈಗೆ ಕೊಟ್ಟರು. "ಚಾವಡಿಗೆ ಒಯ್ದು ಇಡಲೇ."

"ಒಂದು ಮಾತು ಅದರಿ" ಎಂದರು ಲಾಲಸಾಬರು. "ಮುಂದಿನ ಜವಳ ಬಕ್ರೀದ್ ದಿನಾನೇ ಇಟ್ಕೊಳ್ರಿ. ಚಾಕು ಹೊರಗ ಬರ್ತದ, ನಮ್ಮ ಹರಕಿನೂ ತೀರ್ತದ."

ಮಂದಿ ನಕ್ಕರು. ಜೋಕ್ ಅಂದುಕೊಂಡರು. ಲಾಲಸಾಬರು ನಗಲಿಲ್ಲ, ಮಾಂಸದ ಗಂಟು ಹಿಡಿದು ಮನೆಯ ದಾರಿ ಹಿಡಿದರು.

ಅಲ್ಲ, ಸ್ವತಂತ್ರ ದೇಶದಲ್ಲಿ ಒಬ್ಬ ಮನುಷ್ಯ ತನ್ನ ದೇವರ ಹರಕೆ ತೀರಿಸಲು ನಮಗೆ ಹಸಿವಾಗುವವರೆಗೆ ಕಾಯಬೇಕೇನು?